ಆಫ್ ಮಾಡಿ ಆನ್ ಮಾಡಿದರೆ ಹೋಗುವ, ಎರಡು ದಿನಕ್ಕೆ ಮತ್ತೆ ಬರುವ ಸ್ಕ್ಯಾನರ್ ಎರರ್: ಬಿಚ್ಚಿ ಸರಿಮಾಡುವವರಿಗೆ ಪೂರ್ತಿ ಮಾರ್ಗದರ್ಶಿ

ಪ್ರಿಂಟ್ ಬರುತ್ತದೆ, ಜೆರಾಕ್ಸ್ ಬರುವುದಿಲ್ಲ. ಕಂಪ್ಯೂಟರಿನಿಂದ ಕೊಟ್ಟ ಹಾಳೆ ಸಲೀಸಾಗಿ ಹೊರಗೆ ಬೀಳುತ್ತದೆ. ಗಾಜಿನ ಮೇಲೆ ಪಹಣಿ ಇಟ್ಟು ಕಾಪಿ ಒತ್ತಿದರೆ ಮಾತ್ರ ಒಳಗೆ ಗರ್ರ್ ಎಂದು ಸದ್ದಾಗಿ, ಪರದೆಯ ಮೇಲೆ ‘ಸ್ಕ್ಯಾನರ್ ಎರರ್’ ಎಂದೋ ಬರೀ ‘ಇ8’ ಎಂದೋ ಬಂದು ನಿಲ್ಲುತ್ತದೆ. ‘ಆಫ್ ಮಾಡಿ ಆನ್ ಮಾಡ್ರಿ, ಸರಿಹೋಗ್ತದೆ’ ಎಂದು ಯಾರಾದರೂ ಹೇಳುತ್ತಾರೆ. ಸರಿಹೋಗುತ್ತದೆ ಕೂಡ. ಎರಡು ದಿನ ಬಿಟ್ಟು ಮತ್ತೆ ಅದೇ.

ದಾವಣಗೆರೆ, ಚಿತ್ರದುರ್ಗದಲ್ಲಿ ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿಗಳ ಎದುರಿನ ಅಂಗಡಿಗಳಲ್ಲಿ ಈ ಯಂತ್ರಗಳು ದುಡಿಯುವ ರೀತಿಯೇ ಬೇರೆ. ಬೆಳಗ್ಗೆಯಿಂದ ಸಂಜೆಯವರೆಗೆ ಮುಚ್ಚಳ ಏಳುತ್ತಾ ಬೀಳುತ್ತಾ ಇರುತ್ತದೆ, ರಸ್ತೆಯ ಧೂಳು ನೇರ ಗಾಜಿನ ಮೇಲೆ ಬೀಳುತ್ತದೆ. ಎರರ್ ಬಂದಾಗ ಮೆಕ್ಯಾನಿಕ್ ಬಂದು ‘ಹೆಡ್ ಹೋಗಿದೆ’ ಎನ್ನುತ್ತಾನೆ. ಹೆಡ್ ಎಂದರೆ ಗಾಜಿನ ಅಡಿಯಲ್ಲಿ ಓಡಾಡಿ ಹಾಳೆಯನ್ನು ಓದುವ ಭಾಗ. ಹೊಸ ಹೆಡ್ ಬೀಳುತ್ತದೆ, ಮೂರು ವಾರ ನಡೆಯುತ್ತದೆ, ಆಮೇಲೆ ಹಳೇ ಕಥೆ. ಕಾರಣ ಸರಳ: ಸತ್ತ ಬಿಡಿಭಾಗ ಸತ್ತೇ ಇರುತ್ತದೆ, ಎರಡು ದಿನ ಬದುಕಿ ಒಂದು ದಿನ ಸಾಯುವುದಿಲ್ಲ. ಹೋಗಿ ಬರುವ ಎರರ್ ಎಂದರೆ ಕೊಳೆ, ಸಡಿಲ ಕನೆಕ್ಷನ್, ದಾರಿಗೆ ಅಡ್ಡ ಬಂದ ವಸ್ತು ಅಥವಾ ಕರೆಂಟ್. ಈ ನಾಲ್ಕನ್ನು ಪರೀಕ್ಷಿಸದೆ ಹೆಡ್‌ಗೆ ದುಡ್ಡು ಸುರಿಯಬೇಡಿ.

ಮೊದಲ ಹತ್ತು ಸೆಕೆಂಡಿನಲ್ಲಿ ಒಳಗೆ ನಡೆಯುವುದು

ಪ್ರಿಂಟ್, ಕಾಪಿ, ಸ್ಕ್ಯಾನ್ ಮೂರನ್ನೂ ಮಾಡುವ ಸಣ್ಣ ಆಫೀಸಿನ ಆಲ್-ಇನ್-ಒನ್‌ಗಳಲ್ಲಿ ಹೆಚ್ಚಿನವು ಸಿಐಎಸ್ ಮಾದರಿಯವು. ಗಾಜಿನ ಅಡಿಯಲ್ಲಿ ಹಾಳೆಯ ಅಗಲಕ್ಕೆ ಒಂದು ಪಟ್ಟಿಯಂಥ ಹೆಡ್. ಅದರೊಳಗೇ ಕೆಂಪು, ಹಸಿರು, ನೀಲಿ ಎಲ್‌ಇಡಿ, ಲೆನ್ಸ್‌ಗಳ ಸಾಲು, ಸೆನ್ಸರ್ ಎಲ್ಲವೂ. ದೊಡ್ಡ ಕಾಪಿಯರ್‌ಗಳಲ್ಲಿ ಸಾಮಾನ್ಯವಾಗಿ ಸಿಸಿಡಿ: ದೀಪ, ಕನ್ನಡಿಗಳು, ಒಂದು ಲೆನ್ಸ್. ಎರಡರಲ್ಲೂ ಓಡಾಡುವ ಭಾಗವನ್ನು ಹಲ್ಲಿನ ಬೆಲ್ಟ್ ಅಥವಾ ತಂತಿ ಎಳೆಯುತ್ತದೆ, ಅದನ್ನು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರು ತಿರುಗಿಸುತ್ತದೆ. ಹೆಡ್‌ಗೆ ಕರೆಂಟ್ ಕೊಟ್ಟು ಚಿತ್ರ ತರುವುದು ಕಾಗದದಷ್ಟು ತೆಳುವಾದ ಚಪ್ಪಟೆ ಕೇಬಲ್. ಅಂಗಡಿಯಲ್ಲಿ ಅದನ್ನು ಎಫ್‌ಎಫ್‌ಸಿ ಅಥವಾ ಸ್ಟ್ರಿಪ್ ಎಂದು ಕೇಳಬೇಕು.

ಯಂತ್ರ ಆನ್ ಆದಕೂಡಲೇ ಹೆಡ್ ತನ್ನ ಮನೆಯನ್ನು, ಅಂದರೆ ಓಟ ಶುರುವಾಗುವ ಜಾಗವನ್ನು ಹುಡುಕುತ್ತದೆ. ದೊಡ್ಡ ಯಂತ್ರಗಳಲ್ಲಿ ಇದಕ್ಕೆ ಪ್ರತ್ಯೇಕ ಹೋಮ್ ಸೆನ್ಸರ್ ಇರುತ್ತದೆ. ಸಣ್ಣ ಸಿಐಎಸ್ ಯಂತ್ರಗಳಲ್ಲಿ ಹಲವಕ್ಕೆ ಅದು ಇಲ್ಲ. ಗಾಜಿನ ತುದಿಯಲ್ಲಿ, ಚೌಕಟ್ಟಿನ ಮರೆಯಲ್ಲಿ ಅಂಟಿಸಿದ ಬಿಳಿ ಪಟ್ಟಿ, ಅದರ ಮೇಲಿನ ಕಪ್ಪು ಗುರುತನ್ನು ಹೆಡ್ ತಾನೇ ಓದಿ ‘ಇದೇ ಮನೆ’ ಎಂದು ತಿಳಿಯುತ್ತದೆ. ಆಮೇಲೆ ದೀಪ ಆರಿಸಿ ಕಪ್ಪು ಎಷ್ಟು, ದೀಪ ಹಚ್ಚಿ ಅದೇ ಪಟ್ಟಿಯ ಬಿಳಿ ಎಷ್ಟು ಎಂದು ಒಂದೊಂದು ಚುಕ್ಕೆಗೂ ಅಳೆದುಕೊಳ್ಳುತ್ತದೆ. ಗುರುತು ಸಿಗದಿದ್ದರೆ, ಬಿಳಿ ಸಾಕಷ್ಟು ಬಿಳಿಯಾಗಿ ಕಾಣದಿದ್ದರೆ, ಚಿತ್ರದ ಸಿಗ್ನಲ್ ಮಧ್ಯೆ ಕಡಿದರೆ, ಹೆಡ್ ಹೆಜ್ಜೆ ತಪ್ಪಿದರೆ ಬರುವುದು ಅದೇ ಎರರ್. ಕೋಡ್ ಒಂದೇ, ಕಾಯಿಲೆ ನಾಲ್ಕು. ಆದ್ದರಿಂದ ಕೋಡ್ ಹಿಡಿದು ಬಿಡಿಭಾಗ ತರುವ ಅಭ್ಯಾಸ ಬಿಡಬೇಕು.

ಎಚ್‌ಪಿಯ ಎಂ1130 ಸಾಲಿನ ಸಣ್ಣ ಲೇಸರ್‌ಗಳಲ್ಲಿ ಇ8 ಎಂದರೆ ಸ್ಕ್ಯಾನರ್ ತೊಂದರೆ. ಕ್ಯಾನನ್ ಕಾಪಿಯರ್‌ಗಳಲ್ಲಿ ಇ202, ರಿಕೋದಲ್ಲಿ ಎಸ್‌ಸಿ120 ಮತ್ತು 121, ಕ್ಯೋಸೆರಾದಲ್ಲಿ ಸಿ3100 ಬಂದರೆ ಓಡಾಡುವ ಭಾಗ ಮನೆ ಸೇರಿಲ್ಲ ಎಂದರ್ಥ. ರಿಕೋದ ಎಸ್‌ಸಿ101, ಕ್ಯೋಸೆರಾದ ಸಿ3200 ದೀಪದ ಕಡೆ ಬೆರಳು ತೋರುತ್ತವೆ.

ಬಿಚ್ಚುವ ಮೊದಲು

ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಮುಚ್ಚಳ ಪೂರ್ತಿ ಎತ್ತಿ, ಅಂಗಡಿಯ ಲೈಟ್ ಆರಿಸಿ, ಮೊಬೈಲನ್ನು ಗಾಜಿನ ಮೇಲಿಂದ ಒಂದು ಅಡಿ ಎತ್ತರದಲ್ಲಿ ಹಿಡಿದು ಸ್ಲೋ ಮೋಷನ್‌ನಲ್ಲಿ ರೆಕಾರ್ಡ್ ಮಾಡುತ್ತಾ ಯಂತ್ರ ಆನ್ ಮಾಡಿ. ಬೆಳಕು ಕಣ್ಣಿಗೆ ಚುಚ್ಚುತ್ತದೆ, ನೇರ ನೋಡಬೇಡಿ, ಆಮೇಲೆ ವಿಡಿಯೋದಲ್ಲಿ ನೋಡಿ. ಹತ್ತು ಸೆಕೆಂಡಿನ ಈ ವಿಡಿಯೋ ಅರ್ಧ ರೋಗ ಹೇಳಿಬಿಡುತ್ತದೆ.

ಬೆಳಕೂ ಇಲ್ಲ, ಅಲುಗಾಟವೂ ಇಲ್ಲ ಎಂದಾದರೆ ಕೇಬಲ್ ಕಳಚಿದೆ ಅಥವಾ ಸ್ಕ್ಯಾನರ್‌ಗೆ ಕರೆಂಟೇ ಹೋಗುತ್ತಿಲ್ಲ. ಬೆಳಕು ಬಂದು ಮೋಟಾರು ಗುಂಯ್ ಎನ್ನುತ್ತದೆ, ಹೆಡ್ ಅಲುಗುವುದಿಲ್ಲ ಎಂದರೆ ಎಲ್ಲೋ ಸಿಕ್ಕಿಕೊಂಡಿದೆ, ಬೆಲ್ಟ್ ಜಾರಿದೆ ಅಥವಾ ಸಾಗಿಸುವಾಗ ಹಾಕಿದ ಲಾಕ್ ಬಿಟ್ಟಿಲ್ಲ. ಹೆಡ್ ಓಡಿ ಹೋಗಿ ಗೋಡೆಗೆ ಗುದ್ದಿ ಗರ್ರ್ ಎನ್ನುತ್ತಿದ್ದರೆ ಮನೆಯ ಗುರುತು ಅದಕ್ಕೆ ಕಾಣುತ್ತಿಲ್ಲ: ಪಟ್ಟಿ ಕೊಳೆಯಾಗಿದೆ, ಹೋಮ್ ಸೆನ್ಸರ್ ಧೂಳು ಹಿಡಿದಿದೆ, ಇಲ್ಲವೇ ಹೆಡ್ ಕಂಡದ್ದು ಬೋರ್ಡ್‌ಗೆ ತಲುಪುತ್ತಿಲ್ಲ. ಆನ್ ಆಗುವಾಗ ಎಲ್ಲ ಸರಿ, ಕಾಪಿಯ ಮಧ್ಯೆ ನಿಲ್ಲುತ್ತದೆ ಎಂದರೆ ನಿಂತ ಜಾಗ ನೋಡಿ. ಪ್ರತಿ ಸಲ ಅದೇ ಜಾಗದಲ್ಲಿ ನಿಂತರೆ ಹೆಡ್ ಓಡುವ ಹಳಿಯ, ಅಂದರೆ ರೈಲಿನ ಮೇಲೋ ಕೇಬಲ್‌ನ ಮಡಿಕೆಯಲ್ಲೋ ತೊಂದರೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಕನೆಕ್ಟರ್ ಅಥವಾ ಕರೆಂಟ್. ಈ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಜೊತೆಗೆ ಎರರ್ ಬಂದ ಹೊತ್ತನ್ನೂ ಬರೆಯಿರಿ: ಬೆಳಗ್ಗೆ ತಣ್ಣಗಿರುವಾಗಲೋ, ನೂರು ಪ್ರಿಂಟ್ ಹೊಡೆದು ಬಿಸಿಯಾದ ಮೇಲೋ, ಕರೆಂಟ್ ಹೋಗಿ ಬಂದಾಗಲೋ.

ಇದು ಹೋಗಿ ಬರುವ ಎರರ್ ಆದ್ದರಿಂದ ಒಂದು ಸಲದ ವಿಡಿಯೋ ಸಾಲದು. ಎರರ್ ಬಂದ ಆನ್‌ನದು ಒಂದು, ಬಾರದ ಆನ್‌ನದು ಒಂದು ಇರಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೆಡ್ ಎಲ್ಲಿ ತಡವರಿಸಿತು ಎಂಬುದು ಕಾಣುತ್ತದೆ.

ಕರೆಂಟಿನ ಅನುಮಾನ ಮೊದಲೇ ತೀರಿಸಿ

ಲೇಸರ್ ಯಂತ್ರ ಆನ್ ಆಗುವಾಗ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಸ್ಕ್ಯಾನರ್ ಮನೆ ಹುಡುಕುತ್ತಿರುತ್ತದೆ, ಟೋನರ್ ಪುಡಿಯನ್ನು ಹಾಳೆಗೆ ಕಾಯಿಸಿ ಅಂಟಿಸುವ ಫ್ಯೂಸರ್ ಬಿಸಿಯಾಗುತ್ತಿರುತ್ತದೆ. ಫ್ಯೂಸರ್ ಆ ಹೊತ್ತಿನಲ್ಲಿ ಹಲವು ನೂರು ವ್ಯಾಟ್ ಎಳೆಯುತ್ತದೆ. ಕಂಪ್ಯೂಟರಿಗೆಂದು ತಂದ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಅದರ ಹಿಂದಿನ ಖಾಲಿ ಸಾಕೆಟ್‌ಗೆ ಲೇಸರ್ ಚುಚ್ಚುವುದು ನಮ್ಮ ಅಂಗಡಿಗಳಲ್ಲಿ ಮಾಮೂಲಿ, ಅದು ತಪ್ಪು. ಯುಪಿಎಸ್‌ನಿಂದಲೂ, ಐದು ಪಿನ್ ಚುಚ್ಚಿದ ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದಲೂ ತೆಗೆದು ಗೋಡೆಯ ಸಾಕೆಟ್‌ಗೆ ನೇರ ಕೊಟ್ಟು ಎರಡು ದಿನ ನೋಡಿ. ಬೇರೇನೂ ಮಾಡದೆ ಎರರ್ ನಿಂತರೆ ಕೆಲಸ ಅಲ್ಲಿಗೇ ಮುಗಿಯಿತು.

ಮಲ್ಟಿಮೀಟರ್ ಇದ್ದು, ಸಾಕೆಟ್‌ನಲ್ಲಿ ಅಳೆಯುವ ಅಭ್ಯಾಸವೂ ಇದ್ದರೆ ಪಕ್ಕದ ಸಾಕೆಟ್‌ನಲ್ಲಿ ಫೇಸ್-ನ್ಯೂಟ್ರಲ್ ಅಳೆಯುತ್ತಾ ಯಂತ್ರ ಆನ್ ಮಾಡಿಸಿ. 230 ವೋಲ್ಟ್ ಆಸುಪಾಸಿನಲ್ಲಿ ಇರಬೇಕು. ಆನ್ ಆದಕೂಡಲೇ 10 ವೋಲ್ಟ್‌ಗಿಂತ ಹೆಚ್ಚು ಕುಸಿದರೆ ವೈರಿಂಗ್‌ನಲ್ಲಿ ಎಲ್ಲೋ ಸಡಿಲವಿದೆ. ನ್ಯೂಟ್ರಲ್-ಅರ್ಥ್ ನಡುವೆ 2-3 ವೋಲ್ಟ್ ದಾಟಿದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಬೆಸ್ಕಾಂ ಕರೆಂಟ್ ಹೋದಾಗ ಯಂತ್ರದ ಸ್ವಿಚ್ ಆರಿಸಿ, ಬಂದು ಎರಡು ನಿಮಿಷ ಆದ ಮೇಲೆ ಹಾಕುವ ರೂಢಿ ಮಾಡಿಕೊಂಡರೆ ಬೋರ್ಡ್ ಉಳಿಯುತ್ತದೆ.

ಸಾಮಾನು

ಟಿ10 ಅಳತೆಯ ನಕ್ಷತ್ರ ಮೂತಿಯ ಸ್ಕ್ರೂಡ್ರೈವರ್ ಒಂದು, ಪ್ಲಸ್ ಮೂತಿಯ 1 ಮತ್ತು 2 ನಂಬರ್, ಪ್ಲಾಸ್ಟಿಕ್ ಕಡ್ಡಿ ಅಥವಾ ಹಳೇ ಎಟಿಎಂ ಕಾರ್ಡ್, 99% ಐಸೋಪ್ರೊಪೈಲ್ ಆಲ್ಕೋಹಾಲ್ 100 ಮಿ.ಲೀ., ನೂಲು ಬಿಡದ ಬಟ್ಟೆ (ಕನ್ನಡಕದ ಬಟ್ಟೆ ಸಾಕು), ಕಿವಿಯ ಹತ್ತಿಕಡ್ಡಿ, ಮೆತ್ತನೆಯ ಬ್ರಷ್, ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್, ಟಾರ್ಚ್, ಮಲ್ಟಿಮೀಟರ್, ತೆಳು ಡಬಲ್ ಟೇಪ್. ಸ್ಕ್ರೂ ಹಾಕಿಡಲು ಮೂರು ಸ್ಟೀಲ್ ಬಟ್ಟಲು.

ತರಬಾರದ್ದನ್ನೂ ಹೇಳಬೇಕು: ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಫೆವಿಕ್ವಿಕ್, ಗಾಜಿಗೆ ಹೊಡೆಯುವ ನೀಲಿ ಸ್ಪ್ರೇ. ಕೊನೆಯದನ್ನು ಎಲ್ಲರೂ ಬಳಸುತ್ತಾರೆ, ಅದೇ ದೊಡ್ಡ ಶತ್ರು. ಗಾಜಿನ ಮೇಲೆ ನೇರ ಸಿಂಪಡಿಸಿದ ನೀರು ಚೌಕಟ್ಟಿನ ಸಂದಿಯಿಂದ ಕೆಳಗಿಳಿದು ಬಿಳಿ ಪಟ್ಟಿಯ ಮೇಲೆ ಒಣಗಿ ಕಲೆಯಾಗುತ್ತದೆ.

ಬಿಚ್ಚುವುದು

1. ಪವರ್ ಕಾರ್ಡ್, ಯುಎಸ್‌ಬಿ, ಫೋನ್ ಲೈನ್ ಎಲ್ಲ ಕಿತ್ತು 10 ನಿಮಿಷ ಬಿಡಿ. ಫ್ಯೂಸರ್ ಆರಲಿ, ಕೆಪಾಸಿಟರ್ ಖಾಲಿಯಾಗಲಿ. ಪವರ್ ಸಪ್ಲೈ ಬೋರ್ಡ್ ಕಡೆಗೆ ಈ ಕೆಲಸದಲ್ಲಿ ಹೋಗುವ ಅಗತ್ಯವೇ ಇಲ್ಲ.

2. ಮುಚ್ಚಳ ತೆಗೆಯಿರಿ. ಬರೀ ಮುಚ್ಚಳವಾದರೆ ನೇರ ಮೇಲಕ್ಕೆ ಎತ್ತಿದರೆ ಹಿಂಜ್ ಸಮೇತ ಬರುತ್ತದೆ. ಮೇಲೆ ಹಾಳೆಗಳನ್ನು ತಾನೇ ಒಂದೊಂದಾಗಿ ಎಳೆದುಕೊಳ್ಳುವ ಫೀಡರ್ ಇದ್ದರೆ ಅದರಿಂದ ಕೇಬಲ್ ಒಳಗೆ ಇಳಿದಿರುತ್ತದೆ, ಮೊದಲು ಅದರ ಕನೆಕ್ಟರ್ ಬಿಡಿಸಬೇಕು. ಎಳೆದರೆ ಹರಿಯುತ್ತದೆ.

3. ಗಾಜಿನ ಚೌಕಟ್ಟಿನ ಸ್ಕ್ರೂಗಳು ನಾಲ್ಕರಿಂದ ಆರು. ಕೆಲವು ರಬ್ಬರ್ ಬಿರಡೆ ಅಥವಾ ಸ್ಟಿಕ್ಕರ್ ಅಡಿಯಲ್ಲಿ ಅಡಗಿರುತ್ತವೆ. ಒಂದೊಂದು ಸಾಲಿನ ಸ್ಕ್ರೂವನ್ನೂ ಬೇರೆ ಬಟ್ಟಲಿಗೆ ಹಾಕಿ. ಉದ್ದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ತುದಿ ಹೆಡ್‌ನ ದಾರಿಗೆ ಅಡ್ಡ ಬರುತ್ತದೆ. ‘ರಿಪೇರಿ ಆದ ಮೇಲೆ ಹೊಸ ಸದ್ದು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

4. ಸ್ಕ್ರೂ ಬಿಟ್ಟ ಮೇಲೆ ಚೌಕಟ್ಟನ್ನು ಹಿಂಬದಿಯಿಂದ ಒಂದು ಬೆರಳಷ್ಟು ಎತ್ತಿ ಟಾರ್ಚ್ ಬಿಟ್ಟು ನೋಡಿ. ಮುಂದಿನ ಬಟನ್ ಪ್ಯಾನೆಲ್‌ನ ಕೇಬಲ್ ಅದಕ್ಕೆ ಅಂಟಿಕೊಂಡಿರಬಹುದು. ಕ್ಲಿಪ್‌ಗಳನ್ನು ಪ್ಲಾಸ್ಟಿಕ್ ಕಾರ್ಡ್‌ನಿಂದ ಬಿಡಿಸಿ. ಎತ್ತುವಾಗಲೇ ಹೆಡ್‌ನ ಎರಡು ತುದಿಗಳ ಮೇಲೆ ಕಣ್ಣಿರಲಿ. ಹೆಡ್ಡನ್ನು ಗಾಜಿಗೆ ಒತ್ತಿ ಹಿಡಿಯುವ ಸಣ್ಣ ಸ್ಪ್ರಿಂಗ್‌ಗಳು ಅಲ್ಲಿರುತ್ತವೆ, ಗಾಜು ಎದ್ದೊಡನೆ ಹಾರುತ್ತವೆ. ಕೆಳಗೆ ಬಿಳಿ ಬೆಡ್‌ಶೀಟ್ ಹಾಸಿಕೊಂಡು ಕೂತರೆ ಹುಡುಕುವ ಕೆಲಸ ತಪ್ಪುತ್ತದೆ.

5. ಹೆಡ್, ಕೇಬಲ್, ಬೆಲ್ಟ್ ಇರುವ ಸ್ಥಿತಿಯಲ್ಲೇ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಬೋರ್ಡ್ ಮುಟ್ಟುವ ಮುನ್ನ ಭೂಮಿಗೆ ತಾಗಿದ ಲೋಹವನ್ನು ಒಮ್ಮೆ ಮುಟ್ಟಿ.

ಒಳಗೆ ಏನು ಸಿಗುತ್ತದೆಂದು ಹೇಳಲಾಗದು. ಸ್ಟೇಪ್ಲರ್ ಪಿನ್, ಗುಂಡುಸೂಜಿ, ಪಾಸ್‌ಪೋರ್ಟ್ ಫೋಟೋದ ತುಂಡು, ಜಿರಳೆ, ಹಲ್ಲಿಯ ಮೊಟ್ಟೆ. ಚಳಿಯಲ್ಲಿ ಜೀವಿಗಳಿಗೆ ಈ ಪೆಟ್ಟಿಗೆ ಬೆಚ್ಚಗಿನ ಮನೆ. ರೈಲಿನ ಪಕ್ಕದ ಒಂದು ಸ್ಟೇಪ್ಲರ್ ಪಿನ್ ತಿಂಗಳಿಗೊಮ್ಮೆ ಎರರ್ ಕೊಡಲು ಸಾಕು: ಯಂತ್ರ ಅಲುಗಾಡಿದಾಗ ಪಿನ್ ದಾರಿಗೆ ಬರುತ್ತದೆ, ಮತ್ತೆ ಅಲುಗಾಡಿದಾಗ ಸರಿಯುತ್ತದೆ.

ಗಾಜಿನ ಅಡಿಯ ಬಿಳಿ ಪಟ್ಟಿ

ಚೌಕಟ್ಟನ್ನು ಮಗುಚಿ ಬಟ್ಟೆಯ ಮೇಲಿಡಿ. ಹೆಡ್‌ನ ಮನೆ ಇರುವ ತುದಿಗೆ ಅಂಟಿಸಿದ ಬಿಳಿ ಪಟ್ಟಿ ಕಾಣುತ್ತದೆ, ಹಲವು ಮಾದರಿಗಳಲ್ಲಿ ಅದರ ಮೇಲೆ ಕಪ್ಪು ಚೌಕ ಅಥವಾ ಗೆರೆ ಇರುತ್ತದೆ. ಭೀಮಸಮುದ್ರದ ಕಡೆ ಅದಿರಿನ ಲಾರಿ ಓಡಾಡುವ ದಾರಿಯ ಪಕ್ಕದ ಅಂಗಡಿಯಾದರೆ ಪಟ್ಟಿ ಕೆಂಪಗಾಗಿರುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರವಾದರೆ ಮಸಿಯ ತೆಳು ಪದರ ಕೂತಿರುತ್ತದೆ. ಗಾಜಿನ ಒಳಮೈ ಮೇಲೆ ಮಂಜು ಹಿಡಿದಂತೆ ಕಂಡರೆ ಅದು ಧೂಳಲ್ಲ, ಒಳಗಿನ ಪ್ಲಾಸ್ಟಿಕ್ ಬಿಸಿಯಾಗಿ ಬಿಟ್ಟ ಆವಿ. ಅದನ್ನೂ ಒರೆಸಬೇಕು.

ಮೊದಲು ಬ್ಲೋವರ್‌ನಿಂದ ಊದಿ. ಬಾಯಲ್ಲಿ ಊದಿದರೆ ಎಂಜಲು ಹಾರುತ್ತದೆ. ಆಮೇಲೆ ಬಟ್ಟೆಗೆ ನಾಲ್ಕೈದು ಹನಿ ಆಲ್ಕೋಹಾಲ್ ಹಾಕಿ ಪಟ್ಟಿಯ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ. ಗಾಜನ್ನು ಉಜ್ಜಿದಂತೆ ಉಜ್ಜಬೇಡಿ, ಅದು ಅಂಟಿಸಿದ ಪಟ್ಟಿ, ಅಂಚು ಏಳುತ್ತದೆ. ಎದ್ದ ಅಂಚು ಹೆಡ್‌ಗೆ ತಾಗಿದರೆ ಅದೇ ಹೊಸ ಎರರ್. ಕಪ್ಪು ಗುರುತು ಮಾಸಿದ್ದರೆ ಅಥವಾ ಕಿತ್ತಿದ್ದರೆ ಮಾರ್ಕರ್ ಪೆನ್ನಿನಿಂದ ಬರೆಯಲು ಹೋಗಬೇಡಿ. ಅಳತೆ ಅರ್ಧ ಮಿ.ಮೀ. ತಪ್ಪಿದರೂ ಕಾಪಿ ಪಕ್ಕಕ್ಕೆ ಸರಿಯುತ್ತದೆ. ಅದೇ ಮಾದರಿಯ ಗುಜರಿ ಯಂತ್ರದ ಗಾಜಿನ ಚೌಕಟ್ಟು ತಂದು ಹಾಕುವುದು ಮೇಲು.

ಗಾಜಿನ ಮೇಲಿಟ್ಟು ತೆಗೆದ ಕಾಪಿಯಲ್ಲಿ ಉದ್ದಕ್ಕೂ ಬಿಳಿಯ ತೆಳು ಗೆರೆ ಇದ್ದರೆ ಕಾರಣ ಈ ಪಟ್ಟಿಯ ಮೇಲಿನ ಕಪ್ಪು ಚುಕ್ಕೆ. ಆ ಚುಕ್ಕೆಯ ಜಾಗದಲ್ಲಿ ಬಿಳಿ ಕಡಿಮೆ ಎಂದು ಭಾವಿಸಿ ಯಂತ್ರ ಅಲ್ಲಿನ ಬೆಳಕನ್ನು ಪುಟ ಪೂರ್ತಿ ಹೆಚ್ಚಿಸಿಬಿಡುತ್ತದೆ. ಹೀಗಾಗಿ ಕೊಳೆ ಕಪ್ಪಾದರೂ ಗೆರೆ ಬಿಳಿ. ಇದು ಗೊತ್ತಿಲ್ಲದೆ ಟೋನರ್ ಕಾರ್ಟ್ರಿಜ್ ಬದಲಿಸಿದವರೂ ಉಂಟು. ಕಂಪ್ಯೂಟರಿನಿಂದ ಕೊಟ್ಟ ಪ್ರಿಂಟ್‌ನಲ್ಲಿ ಆ ಗೆರೆ ಇಲ್ಲ ಎಂಬುದನ್ನು ಮೊದಲೇ ನೋಡಿಕೊಂಡಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಎಫ್‌ಎಫ್‌ಸಿ ಕೇಬಲ್: ಅಸಲಿ ಕಳ್ಳ

ಹೋಗಿ ಬರುವ ಎರರ್‌ನಲ್ಲಿ ಮೊದಲ ಅನುಮಾನ ಈ ಕೇಬಲ್ ಮೇಲೆಯೇ ಇರಬೇಕು. ಒಂದೊಂದು ಕಾಪಿಗೂ ಇದು ಹೆಡ್‌ನ ಜೊತೆ ಹೋಗಿ ಬರುತ್ತಾ, ಅದೇ ಮಡಿಕೆ ಉರುಳುತ್ತಾ ಇರುತ್ತದೆ. ಒಳಗಿನ ತಾಮ್ರದ ಗೆರೆ ಬಿರಿದರೂ ಮೇಲಿನ ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಹೆಡ್ ಒಂದು ಜಾಗದಲ್ಲಿರುವಾಗ ಬಿರಿದ ತುದಿಗಳು ಮುಟ್ಟಿಕೊಂಡಿರುತ್ತವೆ, ಇನ್ನೊಂದು ಜಾಗಕ್ಕೆ ಹೋದಾಗ ಬಿಟ್ಟುಕೊಳ್ಳುತ್ತವೆ.

ಕನೆಕ್ಟರ್‌ನಿಂದ ತೆಗೆಯುವಾಗ ಕಪ್ಪು ಅಥವಾ ಕಂದು ಬಣ್ಣದ ಪುಟ್ಟ ಲಾಕ್ ಇದೆಯೇ ನೋಡಿ. ಕೆಲವು ಮೇಲಕ್ಕೆ ಏಳುತ್ತವೆ, ಕೆಲವು ಹೊರಕ್ಕೆ ಒಂದು ಮಿ.ಮೀ. ಜಾರುತ್ತವೆ. ಲಾಕ್ ಇಲ್ಲದ್ದು ನೇರ ಎಳೆದರೆ ಬರುತ್ತದೆ, ಓರೆಯಾಗಿ ಎಳೆಯಬಾರದು. ತುದಿಯ ಗೆರೆಗಳ ಮೇಲೆ ಕಪ್ಪು ಕಲೆ ಕಂಡರೆ ಹತ್ತಿಕಡ್ಡಿಗೆ ಆಲ್ಕೋಹಾಲ್ ತಾಗಿಸಿ ಉದ್ದಕ್ಕೆ ಒರೆಸಿ, ಒಣಗಿದ ಮೇಲೆ ಹಾಕಿ. ರಬ್ಬರಿನಿಂದ ಉಜ್ಜುವವರಿದ್ದಾರೆ. ಅದು ಲೇಪನ ಕೆರೆದು ಎರಡು ತಿಂಗಳ ಆಯುಷ್ಯ ಕೊಟ್ಟು ಆಮೇಲೆ ಇನ್ನೂ ಬೇಗ ಕೆಡಿಸುತ್ತದೆ, ತೀರಾ ಬೇರೆ ದಾರಿಯಿಲ್ಲದಿದ್ದರೆ ಮಾತ್ರ. ಹಾಕುವಾಗ ಕೇಬಲ್ ಸೊಟ್ಟಗೆ ಕೂತರೆ ಪಕ್ಕದ ಪಿನ್‌ಗೆ ಕರೆಂಟ್ ಹೋಗಿ ಹೆಡ್ ನಿಜವಾಗಿಯೂ ಸುಡಬಹುದು. ಕೇಬಲ್ ತುದಿಯ ಅಡ್ಡಗೆರೆ ಕನೆಕ್ಟರ್‌ನ ಅಂಚಿಗೆ ಸಮಾನಾಂತರವಾಗಿದೆಯೇ ಎಂದು ಎರಡು ಸಲ ನೋಡಿ.

ಪರೀಕ್ಷೆ ಹೀಗೆ. ಕೇಬಲ್ಲನ್ನು ಎರಡೂ ಕಡೆ ಬಿಡಿಸಿ, ಮಲ್ಟಿಮೀಟರನ್ನು ಸದ್ದಿನ ಸ್ಥಾನಕ್ಕಿಟ್ಟು ಈ ತುದಿಯ 1ನೇ ಗೆರೆ, ಆ ತುದಿಯ 1ನೇ ಗೆರೆ ಮುಟ್ಟಿಸಿ. ಬೀಪ್ ಬಂದರೆ ಸಾಲದು. ಬೀಪ್ ಬರುತ್ತಿರುವಾಗ ಇನ್ನೊಬ್ಬರು ಮಡಿಕೆಯ ಜಾಗವನ್ನು ಹೆಡ್ ಓಡಾಡುವಂತೆಯೇ ಮೆಲ್ಲಗೆ ಉರುಳಿಸಬೇಕು. ಸದ್ದು ಒಮ್ಮೆ ತುಂಡಾದರೂ ಕೇಬಲ್ ಹೋಯಿತು. ಎಲ್ಲ ಗೆರೆಗಳಿಗೂ ಇದನ್ನೇ ಮಾಡಿ. ಹನ್ನೆರಡು ಗೆರೆಗೆ ಕಾಲು ಗಂಟೆ ಹಿಡಿಯುತ್ತದೆ. ಬೇಸರದ ಕೆಲಸ, ಆದರೆ ಹೆಡ್‌ನ ಖರ್ಚು ಉಳಿಸುವುದು ಈ ಕಾಲು ಗಂಟೆಯೇ.

ಹೊಸ ಕೇಬಲ್ ತರಿಸುವಾಗ ಎಲ್ಲರೂ ಅದರ ಮೇಲೆ ಅಚ್ಚಾದ ‘ಎಡಬ್ಲ್ಯುಎಂ 20624 80ಸಿ 60ವಿ’ ಎಂಬಂಥ ಸಾಲಿನ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ. ಅದು ಪ್ಲಾಸ್ಟಿಕ್ ಎಷ್ಟು ಬಿಸಿ, ಎಷ್ಟು ವೋಲ್ಟ್ ತಡೆಯುತ್ತದೆ ಎಂಬುದಷ್ಟೇ. ಅಳತೆ ಅಲ್ಲ. ಹೇಳಬೇಕಾದ್ದು ನಾಲ್ಕು: ಎಷ್ಟು ಗೆರೆ, ಗೆರೆಗಳ ನಡುವಿನ ಅಂತರ, ಒಟ್ಟು ಉದ್ದ, ಮತ್ತು ಎರಡೂ ತುದಿಯ ತಾಮ್ರ ಒಂದೇ ಮುಖದಲ್ಲಿದೆಯೋ ವಿರುದ್ಧ ಮುಖದಲ್ಲಿದೆಯೋ. ಅಂತರ ಕಂಡುಹಿಡಿಯಲು ಮೊದಲ ಗೆರೆಯ ನಡುವಿನಿಂದ ಕೊನೆಯ ಗೆರೆಯ ನಡುವಿನವರೆಗೆ ಅಳೆದು, ಗೆರೆಗಳ ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸಿ. 12 ಗೆರೆಗೆ 11 ಮಿ.ಮೀ. ಬಂದರೆ ಅಂತರ 1 ಮಿ.ಮೀ., 5.5 ಬಂದರೆ 0.5. ನಾಲ್ಕನೆಯದು ತಪ್ಪಿದರೆ ಕೇಬಲ್ ಕನೆಕ್ಟರ್‌ಗೆ ಹೋಗುತ್ತದೆ, ಆದರೆ ತಾಮ್ರ ಬೆನ್ನು ತೋರಿಸಿಕೊಂಡು ಕೂರುತ್ತದೆ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಬಹುದು, ಎರಡು ತರಿಸಿ.

ಇನ್ನೊಂದು ಸೂಕ್ಷ್ಮ. ಕೇಬಲ್‌ನ ಓಡದ ಭಾಗವನ್ನು ತಳಕ್ಕೆ ಡಬಲ್ ಟೇಪ್‌ನಿಂದ ಅಂಟಿಸಿರುತ್ತಾರೆ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ, ಶೀಟಿನ ಅಂಗಡಿಯಲ್ಲಿ, ಆ ಅಂಟು ಒಣಗಿ ಕೇಬಲ್ ಏಳುತ್ತದೆ. ಎದ್ದ ಕೇಬಲ್ ಹೆಡ್‌ನ ಅಡಿಗೆ ಸಿಕ್ಕಿ ಪ್ರತಿ ಸಲ ಒಂದೇ ಜಾಗದಲ್ಲಿ ತಡೆಯುತ್ತದೆ. ಹೆಡ್ ಬದಲಿಸಿದವರು ಈ ಟೇಪ್ ನೋಡದೆ ಮುಚ್ಚುವುದರಿಂದಲೇ ‘ಹೊಸ ಹೆಡ್ಡೂ ಕೆಟ್ಟಿತು’ ಎಂಬ ಮಾತು ಹುಟ್ಟುತ್ತದೆ. ಹಳೇ ಅಂಟು ಆಲ್ಕೋಹಾಲ್‌ನಲ್ಲಿ ತೆಗೆದು, ಮೊದಲಿನ ಜಾಗದಲ್ಲೇ ಹೊಸ ಟೇಪ್ ಹಾಕಿ. ಒಂದು ಸೆಂ.ಮೀ. ಹಿಂದೆ ಮುಂದೆ ಆದರೆ ಮಡಿಕೆಯ ಉದ್ದ ಬದಲಾಗಿ ತುದಿಯಲ್ಲಿ ಕೇಬಲ್ ಬಿಗಿಯುತ್ತದೆ.

ರೈಲು, ಬೆಲ್ಟ್, ಮೋಟಾರು

ಕರೆಂಟ್ ಇಲ್ಲದಿರುವಾಗ ಬೆಲ್ಟ್ ಹಿಡಿದು ಹೆಡ್ಡನ್ನು ಆಮೆಯ ವೇಗದಲ್ಲಿ ಈ ತುದಿಯಿಂದ ಆ ತುದಿಗೆ ಎಳೆಯಿರಿ. ಜೋರಾಗಿ ತಳ್ಳಿದರೆ ಸ್ಟೆಪ್ಪರ್ ಮೋಟಾರು ಡೈನಮೋ ಆಗಿ ಬೋರ್ಡ್‌ಗೆ ಕರೆಂಟ್ ಕಳಿಸುತ್ತದೆ. ಉದ್ದಕ್ಕೂ ಒಂದೇ ಹದದ ಎಳೆತ ಇರಬೇಕು. ಬಿಗಿಯಾದ ಜಾಗ ಸಿಕ್ಕರೆ ಮೊಬೈಲ್ ವಿಡಿಯೋದಲ್ಲಿ ನಿಂತ ಜಾಗದೊಂದಿಗೆ ಹೋಲಿಸಿ.

ಉಕ್ಕಿನ ಕಂಬಿಯಾದರೆ ಹಳೇ ಗ್ರೀಸ್ ಧೂಳು ಸೇರಿ ಕಪ್ಪು ಅಂಟಾಗಿರುತ್ತದೆ. ಒರೆಸಿ ತೆಗೆದು, ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕೋನ್ ಗ್ರೀಸನ್ನು ಅಕ್ಕಿ ಕಾಳಿನಷ್ಟು ಬೆರಳಿಗೆ ತೆಗೆದುಕೊಂಡು ಉದ್ದಕ್ಕೂ ಸವರಿ, ಮಿಕ್ಕದ್ದನ್ನು ಒರೆಸಿಬಿಡಿ. ಪ್ಲಾಸ್ಟಿಕ್ ರೈಲಿನಲ್ಲಿ ಮೊದಲು ಗ್ರೀಸ್ ಇರದಿದ್ದರೆ ಈಗಲೂ ಹಾಕಬೇಡಿ. ಎಣ್ಣೆ ಹಾಕಿದ ರೈಲು ಹದಿನೈದು ದಿನ ರೇಷ್ಮೆಯಂತೆ ಓಡುತ್ತದೆ, ಆಮೇಲೆ ಧೂಳು ಕಲಸಿ ಮೊದಲಿಗಿಂತ ಗಟ್ಟಿಯಾಗುತ್ತದೆ.

ಬೆಲ್ಟ್‌ನ ಹಲ್ಲು ಸವೆದಿದ್ದರೆ ಗೇರಿನ ಕೆಳಗೆ ಕಪ್ಪು ರಬ್ಬರ್ ಪುಡಿ ಇರುತ್ತದೆ. ಬಿಗಿ ಕೊಡುವ ಸ್ಪ್ರಿಂಗ್ ಜಾಗದಲ್ಲಿದೆಯೇ ನೋಡಿ. ಮೋಟಾರಿನ ಕನೆಕ್ಟರ್ ಕಿತ್ತು ಓಮ್ ಅಳೆದರೆ ನಾಲ್ಕು ತಂತಿಗಳಲ್ಲಿ ಎರಡು ಜೋಡಿ ಸಿಗುತ್ತದೆ, ಎರಡರ ಓಮ್ ಹೆಚ್ಚುಕಡಿಮೆ ಸಮ ಇರಬೇಕು. ಒಂದು ಜೋಡಿ ತೆರೆದುಕೊಂಡಿದ್ದರೆ ಮೋಟಾರು ನಡುಗುತ್ತದೆ, ತಿರುಗುವುದಿಲ್ಲ.

ದೊಡ್ಡ ಕಾಪಿಯರ್‌ಗಳಲ್ಲಿ ಇಲ್ಲಿಯೇ ಹೋಮ್ ಸೆನ್ಸರ್ ಇರುತ್ತದೆ: ‘ಯು’ ಆಕಾರದ ಕಪ್ಪು ತುಣುಕು, ಅದರ ಸಂದಿಯಲ್ಲಿ ಹೆಡ್‌ನ ಒಂದು ರೆಕ್ಕೆ ಹಾದುಹೋಗುತ್ತದೆ. ಸಂದಿಯಲ್ಲಿ ಕೂತ ಧೂಳನ್ನು ಬ್ಲೋವರ್‌ನಿಂದ ತೆಗೆದರೆ ಇ202, ಸಿ3100 ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತವೆ.

ಮೇಲಿನ ಫೀಡರ್‌ನಲ್ಲಿ ಮಾತ್ರ ಕಪ್ಪು ಗೆರೆ

ಇದಕ್ಕೆ ಯಂತ್ರ ಬಿಚ್ಚಬೇಕಿಲ್ಲ. ಫೀಡರ್‌ನಿಂದ ಹೋಗುವ ಹಾಳೆಯನ್ನು ಹೆಡ್ ಓದುವುದು ದೊಡ್ಡ ಗಾಜಿನ ಪಕ್ಕದ ಒಂದೆರಡು ಸೆಂ.ಮೀ. ಅಗಲದ ಪಟ್ಟಿ ಗಾಜಿನ ಮೂಲಕ. ಹೆಡ್ ಅಲ್ಲಿ ನಿಂತಿರುತ್ತದೆ, ಹಾಳೆ ಓಡುತ್ತದೆ. ಹಾಗಾಗಿ ಸಾಸಿವೆಗಿಂತ ಸಣ್ಣ ಚುಕ್ಕೆಯೂ ಪುಟದುದ್ದದ ಗೆರೆಯಾಗುತ್ತದೆ. ಅರ್ಜಿಗೆ ಹಚ್ಚಿದ ವೈಟ್ನರ್ ಪೂರ್ತಿ ಒಣಗುವ ಮುನ್ನ ಫೀಡರ್‌ಗೆ ಹಾಕುವುದು ಇದರ ಮುಖ್ಯ ಕಾರಣ. ಬಿಳಿ ಚುಕ್ಕೆ ಗಾಜಿನ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿನುಗುರಿಗೆ ಮಾತ್ರ ತಾಗುತ್ತದೆ.

ಜಾಗ ಹುಡುಕಲು: ಖಾಲಿ ಹಾಳೆಯ ಒಂದು ಮೂಲೆಗೆ ಪೆನ್ನಿನಲ್ಲಿ ಗುರುತು ಹಾಕಿ ಫೀಡರ್‌ನಿಂದ ಕಾಪಿ ತೆಗೆಯಿರಿ. ಗುರುತಿನ ಕಡೆಯ ಅಂಚಿನಿಂದ ಗೆರೆ ಎಷ್ಟು ಮಿ.ಮೀ. ದೂರ ಎಂದು ಅಳೆದು, ಹಾಳೆ ಒಳಗೆ ಹೋದಾಗ ಆ ಮೂಲೆ ಯಾವ ಬದಿಗಿತ್ತೋ ಆ ಬದಿಯಿಂದ ಪಟ್ಟಿ ಗಾಜಿನ ಮೇಲೆ ಅಷ್ಟೇ ಅಳೆಯಿರಿ. ಅಲ್ಲಿ ಉಗುರು ಆಡಿಸಿ. ಆಲ್ಕೋಹಾಲ್ ಹತ್ತಿಯನ್ನು ಒಂದು ನಿಮಿಷ ಇಟ್ಟು, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆಯಿರಿ. ಬ್ಲೇಡ್ ಬೇಡ. ಗಾಜಿನ ಎದುರು ಮುಚ್ಚಳದ ಕಡೆ ಇರುವ ಬಿಳಿ ಉರುಳೆ ಅಥವಾ ಬಿಳಿ ಪಟ್ಟಿಯನ್ನೂ ಒರೆಸಿ.

ಜೋಡಿಸಿದ ಮೇಲೆ

ಸ್ಪ್ರಿಂಗ್ ಎರಡೂ ಕೂತಿವೆಯೇ, ಹೆಡ್‌ನ ತುದಿಯ ಬಿಳಿ ಪ್ಲಾಸ್ಟಿಕ್ ಗುಬುಟುಗಳು ಇವೆಯೇ ನೋಡಿ ಚೌಕಟ್ಟು ಇಳಿಸಿ. ಸಿಐಎಸ್ ಹೆಡ್‌ಗೆ ದೂರದೃಷ್ಟಿ ಇಲ್ಲ. ಗಾಜಿನಿಂದ ಒಂದು ಮಿ.ಮೀ. ಇಳಿದರೂ ಅಕ್ಷರ ಮಸುಕು. ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು ಬಂದರೆ ಮಸುಕಾದ ಕಡೆಯ ಸ್ಪ್ರಿಂಗ್ ಬಿದ್ದಿದೆ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಅರ್ಧರ್ಧ ಬಿಗಿಯುತ್ತಾ ಬನ್ನಿ.

ಪರೀಕ್ಷೆಯಲ್ಲಿ ಅವಸರ ಮಾಡುವುದರಿಂದಲೇ ಎರರ್ ಮರಳಿ ಬರುತ್ತದೆ. ಹತ್ತು ಸಲ ಆಫ್-ಆನ್, ಪ್ರತಿ ಸಲ ನಡುವೆ ಒಂದು ನಿಮಿಷ. ಆಮೇಲೆ ಗಾಜಿನಿಂದ 20 ಕಾಪಿ, ಫೀಡರ್‌ನಿಂದ 20 ಹಾಳೆ. ಆಮೇಲೆ ಕಂಪ್ಯೂಟರಿನಿಂದ 50 ಪ್ರಿಂಟ್ ಹೊಡೆದು ಯಂತ್ರ ಬಿಸಿಯಾದಾಗ ಮತ್ತೆ ಐದು ಕಾಪಿ. ಕೊನೆಗೆ ಮಾರನೇ ಬೆಳಗ್ಗೆ ತಣ್ಣಗಿರುವಾಗ ಮೊದಲ ಆನ್. ಬಿರಿದ ಕೇಬಲ್ ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಬಣ್ಣ ತೋರಿಸುವುದು ಆಗಲೇ. ಬೆಳಗಿನ ಪರೀಕ್ಷೆ ಮುಗಿಯದೆ ‘ರೆಡಿ’ ಎನ್ನಬೇಡಿ, ಗಿರಾಕಿಗೆ ಇದನ್ನು ಮೊದಲೇ ಹೇಳಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಆಗಿಯೂ ಬೆಳಕೇ ಬಾರದಿದ್ದರೆ, ಕಾಪಿಯ ಒಂದು ಭಾಗ ಯಾವಾಗಲೂ ಕಪ್ಪಾಗಿದ್ದರೆ, ಬಣ್ಣದ ಸ್ಕ್ಯಾನ್ ಪೂರ್ತಿ ಒಂದೇ ಬಣ್ಣಕ್ಕೆ ತಿರುಗಿದ್ದರೆ (ಮೂರರಲ್ಲಿ ಒಂದು ಎಲ್‌ಇಡಿ ಸತ್ತಿದೆ) ಹೆಡ್ ಬದಲಿಸಿ. ಹಳೇ ಹೆಡ್‌ನ ಬೆನ್ನಿನ ಸ್ಟಿಕ್ಕರ್‌ನ ನಂಬರ್, ಕನೆಕ್ಟರ್‌ನ ಗೆರೆಗಳ ಸಂಖ್ಯೆ ಎರಡೂ ಹೊಂದಬೇಕು. ಹೊಸ ಹೆಡ್, ಹೊಸ ಕೇಬಲ್ ಹಾಕಿಯೂ ಅದೇ ಎರರ್ ಆದರೆ ತೊಂದರೆ ಮುಖ್ಯ ಬೋರ್ಡ್‌ನಲ್ಲಿ. ಆಗ ಹಳೇ ಸಣ್ಣ ಯಂತ್ರವನ್ನು ಬರೀ ಪ್ರಿಂಟರಾಗಿ ದುಡಿಸಿ, ಬೇರೆ ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್ ಇಟ್ಟುಕೊಳ್ಳುವುದು ಲೆಕ್ಕಕ್ಕೆ ಬರುತ್ತದೆ.

ಮತ್ತೆ ಬಾರದಿರಲು

ಎ4 ಗಾಜಿನ ಮೇಲೆ 14 ಇಂಚಿನ ಲೀಗಲ್ ಹಾಳೆಯ ಖರೀದಿ ಪತ್ರದ ದಪ್ಪ ಕಟ್ಟು ಇಟ್ಟು ಅಂಗೈಯಿಂದ ಮುಚ್ಚಳ ಅದುಮುವುದು ನಿಲ್ಲಬೇಕು. ಗಾಜು ಬಾಗಿ ಹೆಡ್ ಉಜ್ಜುತ್ತದೆ. ದಪ್ಪ ಕಟ್ಟಿಗೆ ಮುಚ್ಚಳ ತೆಗೆದಿಟ್ಟು ಮೇಲೊಂದು ಬಿಳಿ ರಟ್ಟು ಮುಚ್ಚಿದರೆ ಕಾಪಿ ಅಷ್ಟೇ ಚೆನ್ನಾಗಿ ಬರುತ್ತದೆ. ಫೀಡರ್‌ಗೆ ಹಾಕುವ ಮುನ್ನ ಪಿನ್ ತೆಗೆಯಲು ಪಕ್ಕದಲ್ಲೇ ಪಿನ್ ರಿಮೂವರ್ ದಾರ ಕಟ್ಟಿ ನೇತುಹಾಕಿ. ಆಷಾಢದ ಗಾಳಿ ಬೀಸುವ ಎರಡು ತಿಂಗಳು ಯಂತ್ರವನ್ನು ಬಾಗಿಲ ನೇರದಿಂದ ಸರಿಸಿ, ಸಂಜೆ ಬಟ್ಟೆ ಮುಚ್ಚಿ. ಚಿತ್ರದುರ್ಗದಲ್ಲಂತೂ ಇದು ಬೇಕೇ ಬೇಕು. ಕಸ ಗುಡಿಸುವಾಗ ಮುಚ್ಚಳ ಹಾಕಿರಲಿ.

ಯಂತ್ರ ಬೇರೆ ಕಡೆ ಸಾಗಿಸುವಾಗ ಲಾಕ್ ಇರುವ ಮಾದರಿಯಾದರೆ ಹೆಡ್ ಮನೆಯಲ್ಲಿರುವಾಗಲೇ ಲಾಕ್ ಹಾಕಿ, ಆಟೋದಲ್ಲಿ ಮಟ್ಟಸವಾಗಿ ಇಡಿ, ಇಳಿಸಿದ ಮೇಲೆ ಲಾಕ್ ಬಿಟ್ಟೇ ಆನ್ ಮಾಡಿ. ಇನ್ನು ಆಯುಧಪೂಜೆ. ವಿಭೂತಿ, ಅರಿಶಿನ, ಕುಂಕುಮವನ್ನು ಯಂತ್ರದ ಮುಂದಿನ ಪ್ಲಾಸ್ಟಿಕ್‌ಗೆ ಹಚ್ಚಿ, ಗಾಜಿನ ಹತ್ತಿರ, ಫೀಡರ್‌ನ ಬಾಯಿಗೆ ಬೇಡ. ಹೂವಿನ ಹಾರವನ್ನು ಮುಚ್ಚಳದ ಮೇಲೆ ಹಾಕಿದ್ದರೆ ಮಾರನೇ ದಿನ ಮುಚ್ಚಳ ಎತ್ತುವ ಮೊದಲೇ ತೆಗೆಯಿರಿ. ಒಣಗಿದ ಸೇವಂತಿಗೆ ಎಸಳು ಹಿಂಜ್‌ನ ಸಂದಿಯಿಂದ ಒಳಗಿಳಿದರೆ ಸಿಗುವುದು ಮುಂದಿನ ಸಲ ಬಿಚ್ಚಿದಾಗಲೇ.